ಗಣಾನ ಊರಿನ ಚಳಿಗಾಲ

ಸಿಡ್ನಿಯ ಲಿವರ್‌ಪೂಲ್ ಬಡಾವಣೆಯ ನಮ್ಮ ಬಾಡಿಗೆ ಮನೆಗೆ ಎರಡು ಅಡುಗೆಮನೆಗಳಿದ್ದವು. ಒಳಗಿನದು ಅಜ್ಜಿಯದು. ಏಕಾದಶಿಯ ದಿನ ಅಲ್ಲಿ ಈರುಳ್ಳಿಯನ್ನು ಕೂಡ ಮುಟ್ಟುವಂತಿರಲಿಲ್ಲ. ಹೊರಗಿನದು ಗ್ಯಾರೇಜಿನಲ್ಲಿತ್ತು. ಒಂದು ಗ್ಯಾಸ್ ಒಲೆ, ತಳ ಕರಿಹಿಡಿದ ದೊಡ್ಡ ಪಾತ್ರೆ, ಕುರಿಮಾಂಸ ತುಂಬಿದ ಫ್ರೀಜರ್. ಅದು ಗಣಾನದು. ಎರಡರ ನಡುವೆ ಬಟ್ಟೆ ಒಗೆಯುವ ಕೋಣೆ. ಅದರ ಬಾಗಿಲಲ್ಲಿ ನಿಂತರೆ ಎಡಗಡೆಯಿಂದ ಒಗ್ಗರಣೆಯ ಇಂಗು, ಬಲಗಡೆಯಿಂದ ಕುದಿಯುವ ಕೊಬ್ಬು ಮೂಗಿಗೆ ಬಡಿಯುತ್ತಿತ್ತು. ನಾನು ಹೋಮ್‌ವರ್ಕ್ ಮಾಡುತ್ತಿದ್ದದ್ದು ಅಲ್ಲೇ, ವಾಷಿಂಗ್ ಮಷೀನಿನ ಮೇಲೆ ಪುಸ್ತಕ ಹರಡಿಕೊಂಡು. ಗಣಾ ನನ್ನ ಅಮ್ಮನ ಎರಡನೆಯ ಗಂಡ, ಮಂಗೋಲಿಯಾದವನು. ಪೂರ್ತಿ ಹೆಸರು ಗನ್‌ಬೋಲ್ಡ್. ಅವನ ಕಡೆಯವರು ಗಣಾ ಎಂದು ಕರೆಯುತ್ತಿದ್ದರು. ನಮ್ಮ ಕನ್ನಡದ ಆಂಟಿಯರು ಅದನ್ನು ಗಣೇಶ್ ಮಾಡಿಕೊಂಡರು. ಅವನ ಹಿರಿಯರೆಲ್ಲ ಕುರಿ, ಮೇಕೆ, ಕುದುರೆಗಳ ಜೊತೆ ಋತುವಿಗೊಂದು ಹುಲ್ಲುಗಾವಲಿಗೆ ಮನೆ ಬಿಚ್ಚಿಕೊಂಡು ಹೋಗುತ್ತಿದ್ದವರು. ಅವನು ಮಾತ್ರ ಸಿಡ್ನಿಗೆ ಇಂಗ್ಲಿಷ್ ಕಲಿಯುವ ಕೋರ್ಸಿಗೆ ಬಂದು, ಬೇರೆಯವರ ಮನೆ ಸಾಮಾನು ಸಾಗಿಸುವ ಟ್ರಕ್ಕಿನ ಕೆಲಸಕ್ಕೆ ಸೇರಿದ್ದ.

ಅವನು ನಮ್ಮ ಮನೆಯೊಳಗೆ ಮೊದಲು ಕಾಲಿಟ್ಟದ್ದು ಆ ಕೆಲಸದ ಮೇಲೆಯೇ. ಅಪ್ಪನೂ ಅಮ್ಮನೂ ಬೇರೆಯಾದಾಗ ಅಪ್ಪ ಮೆಲ್ಬರ್ನಿನಲ್ಲೇ ಉಳಿದ. ಅಮ್ಮ ವೃದ್ಧಾಶ್ರಮವೊಂದರಲ್ಲಿ ನರ್ಸ್ ಕೆಲಸ ಹಿಡಿದು ನನ್ನನ್ನು ಕರೆದುಕೊಂಡು ಸಿಡ್ನಿಗೆ ಬಂದಳು. ನಮ್ಮ ಸಾಮಾನು ಹೊತ್ತು ತಂದ ಟ್ರಕ್ಕನ್ನು ಓಡಿಸಿಕೊಂಡು ಬಂದವನು ಗಣಾ. ಹಾಲು ಉಕ್ಕಿಸದೆ ಒಂದು ಡಬ್ಬವನ್ನೂ ಬಿಚ್ಚಬಾರದೆಂದು ಅಜ್ಜಿ ಮೈಸೂರಿನಿಂದ ಫೋನಿನಲ್ಲಿ ತಾಕೀತು ಮಾಡಿದ್ದಳು. ಅಮ್ಮ ಒಲೆಯ ಮೇಲೆ ಹಾಲಿಟ್ಟು ಕೈಮುಗಿದು ನಿಂತಿದ್ದಳು. ಹಾಲು ಅಂಚಿಗೆ ಬಂತು. ಸೋಫಾ ಹೊತ್ತು ಒಳಗೆ ಬರುತ್ತಿದ್ದ ಗಣಾ ಅದನ್ನು ನೋಡಿದ್ದೇ ಸೋಫಾವನ್ನು ಅಲ್ಲೇ ಇಳಿಸಿ, ಎರಡೇ ದಾಪುಗಾಲಿನಲ್ಲಿ ಓಡಿಬಂದು ಒಲೆ ಆರಿಸಿಬಿಟ್ಟ.

"ಯಾಕೆ ಆಫ್ ಮಾಡಿದ್ರಿ? ಉಕ್ಕಬೇಕಿತ್ತು!" ಅಂದಳು ಅಮ್ಮ, ಹೆಚ್ಚುಕಡಿಮೆ ಅಳುತ್ತಾ.

"ಹಾಲು ಚೆಲ್ಲಬಾರದು ಮೇಡಂ. ನಮ್ಮಲ್ಲಿ ಹಾಲು ಚೆಲ್ಲಿದ ಮನೆಗೆ ಕೇಡು."

"ನಮ್ಮಲ್ಲಿ ಚೆಲ್ಲದಿದ್ರೆ ಕೇಡು."

ಅವರಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲಿ, ಆಗಲೂ ಆಮೇಲೂ. ಅಮ್ಮ ಮತ್ತೆ ಒಲೆ ಹಚ್ಚಿದಳು. ಅದನ್ನು ನೋಡಲಾರದೆ ಗಣಾ ಹೊರಗೆ ಹೋಗಿ ಬೀದಿಯ ಕಡೆ ಮುಖ ಮಾಡಿ ನಿಂತ. ಎಲ್ಲ ಮುಗಿದ ಮೇಲೆ ಅಮ್ಮ ಕರೆದು ಒಂದು ಲೋಟ ಬಿಸಿ ಹಾಲು ಕೊಟ್ಟಳು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಹಾಗೆ ಎರಡು ಕೈಯೊಡ್ಡಿ ಲೋಟ ತೆಗೆದುಕೊಳ್ಳುವ ಗಂಡಸನ್ನು ತಾನು ಮೆಲ್ಬರ್ನಿನಲ್ಲಿ ಕಂಡಿರಲಿಲ್ಲವೆಂದು ಅಮ್ಮ ಎಷ್ಟೋ ವರ್ಷಗಳ ನಂತರ ನನಗೆ ಹೇಳಿದಳು.

ಅವರ ಮದುವೆಯಾದ ಮೇಲೆ ಅಜ್ಜಿ ಮೈಸೂರಿನಿಂದ ಬಂದಳು. ಸಿಟ್ಟಿನಿಂದಲೇ ಬಂದಳು. ಎರಡು ಅಡುಗೆಮನೆ ಅವಳ ಷರತ್ತು. ಮೊದಲ ವಾರ ಗಣಾನ ಜೊತೆ ಮಾತಿಲ್ಲ, ನನ್ನ ಮೂಲಕವೇ ಎಲ್ಲ ವಿಚಾರಣೆ.

"ಅವನ ಊರಲ್ಲಿ ಮನೆ ಎಲ್ಲಿದೆ ಕೇಳೇ, ಪುಟ್ಟಿ."

ನಾನು ಕೇಳಿದೆ. ಬೇಸಿಗೆಯಲ್ಲಿ ನದಿಯ ಹತ್ತಿರ, ಚಳಿಗಾಲದಲ್ಲಿ ಬೆಟ್ಟದ ಮರೆಯಲ್ಲಿ ಅಂದ. ದುಂಡಗಿನ ಉಣ್ಣೆಗಂಬಳಿಯ ಡೇರೆಯ ಫೋಟೊ ತೋರಿಸಿದ. ಅದನ್ನು ಅವರು ಗೆರ್ ಎನ್ನುತ್ತಾರೆ. ಅರ್ಧ ದಿನದಲ್ಲಿ ಬಿಚ್ಚಿ, ಹೇರಿ, ಬೇರೆ ಕಡೆ ಕಟ್ಟುತ್ತಾರೆ.

"ಶಿವನೇ! ಮನೆಯೇ ಒಂದು ಕಡೆ ನಿಲ್ಲದವನಿಗೆ ಮಗಳನ್ನ ಕೊಟ್ಟ ಹಾಗಾಯ್ತಲ್ಲೇ," ಅಂದಳು ಅಜ್ಜಿ.

ಅವಳನ್ನು ಕರಗಿಸಿದ್ದು ಬೆಳಗಿನ ಒಂದು ಪದ್ಧತಿ. ಗಣಾ ದಿನಾ ಎದ್ದು ಹಾಲು ಹಾಕಿ ಉಪ್ಪಿನ ಟೀ ಕಾಯಿಸುತ್ತಿದ್ದ. ತಾನು ಕುಡಿಯುವ ಮೊದಲು ಒಂದು ಸೌಟು ಹಿತ್ತಿಲಿಗೆ ಒಯ್ದು ನಾಲ್ಕು ದಿಕ್ಕಿಗೂ ಚಿಮುಕಿಸುತ್ತಿದ್ದ. ಬಟ್ಟೆ ಒಣಹಾಕುತ್ತಿದ್ದ ಅಜ್ಜಿ ಕೆಲವು ದಿನ ಅದನ್ನು ಓರೆಗಣ್ಣಿನಿಂದ ನೋಡಿದಳು. "ನೈವೇದ್ಯ ಮಾಡ್ದೆ ಬಾಯಿಗಿಡಲ್ಲ ಕಣೇ ಅವನು," ಎಂದು ಅಮ್ಮನಿಗೆ ಹೇಳಿದಳು, ಸಂಶೋಧನೆ ಮಾಡಿದವಳ ಹಾಗೆ. ಆಮೇಲೆ ಬಟ್ಟೆ ಒಗೆಯುವ ಕೋಣೆಯವರೆಗೆ ಬಂದು, "ಗಣೇಶಾ, ಟೀ ಆಯ್ತಾ?" ಎಂದು ಕೇಳತೊಡಗಿದಳು. ಅವನು "ಆಯ್ತು ಅಜ್ಜಿ" ಅನ್ನುವಷ್ಟು ಕನ್ನಡ ಕಲಿತ. ಅಜ್ಜಿ ಗ್ಯಾರೇಜಿನ ಹೊಸ್ತಿಲು ಮಾತ್ರ ದಾಟಲಿಲ್ಲ. ನಾನು ದಾಟುತ್ತಿದ್ದೆ. ಒಂದು ಶನಿವಾರ ಅವನು ಹಬೆಯಲ್ಲಿ ಬೇಯಿಸಿದ ಮಾಂಸದ ಕಡುಬು ತಿಂದು ಸಿಕ್ಕಿಬಿದ್ದೆ. ಆ ದಿನದ ಜಗಳದಲ್ಲಿ ಅಜ್ಜಿ ಊಟ ಬಿಟ್ಟಳು, ಅಮ್ಮ ಬಾಗಿಲು ಬಡಿದಳು, ಗಣಾ ಲಾನ್ ಕತ್ತರಿಸಲು ಹೋದ. ಸಂಜೆ ಅಜ್ಜಿಯೇ ನನ್ನನ್ನು ಕೂರಿಸಿಕೊಂಡು, "ತಿನ್ನೋದಾದ್ರೆ ತಿಂದು ಬಾಯಿ ತೊಳ್ಕೊಂಡು ಒಳಗೆ ಬಾ," ಎಂದು ರಾಜಿ ಮಾಡಿಕೊಂಡಳು. ನಾನು "ಓಕೆ ಅಜ್ಜಿ, ಸಾರಿ" ಅಂದೆ. ಆಗ ನಾನು ಅಜ್ಜಿಯ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದೆ.

ಭಾನುವಾರ ಮಧ್ಯಾಹ್ನ ಗಣಾನ ಊರಿನಿಂದ ಫೋನು. ಅವನ ಅಮ್ಮನೂ ತಮ್ಮ ತುಮುರನೂ ಸಿಗ್ನಲ್ ಸಿಗಲೆಂದು ಕುದುರೆ ಹತ್ತಿ ಗುಡ್ಡಕ್ಕೆ ಹೋಗುತ್ತಿದ್ದರು. ಗಾಳಿಯ ಸದ್ದಿನ ನಡುವೆ ಅವರ ಮಾತು ಬಂದು ಬಂದು ಹೋಗುತ್ತಿತ್ತು. ಗಣಾ ಸ್ಪೀಕರಿಗೆ ಹಾಕಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ, ಒಂದೊಂದು ಮಾತಿನ ಅರ್ಥ ಹೇಳುತ್ತಿದ್ದ. ಮಕ್ಕಳಿಗೆ ಭಾಷೆ ಹೇಗೆ ಹತ್ತುತ್ತದೆಯೋ. ವರ್ಷ ಎರಡು ವರ್ಷದಲ್ಲಿ ನನಗೆ ಅವರ ಮಾತು ಬಹುಪಾಲು ತಿಳಿಯುತ್ತಿತ್ತು. ಅವನ ಅಮ್ಮನನ್ನು ಅವನು ಏಜ್ ಅನ್ನುತ್ತಿದ್ದ, ಅಂದರೆ ಅಮ್ಮ. ನಾನು ಎಮೇ ಅನ್ನಬೇಕಿತ್ತು, ಅಂದರೆ ಅಜ್ಜಿ. ಅದು ಕಿವಿಗೆ ಬಿದ್ದ ದಿನ ನಮ್ಮಜ್ಜಿ ಗಾಬರಿಯಾದಳು.

"ಅಜ್ಜಿಯ ವಯಸ್ಸಿನವರನ್ನ ಎಮ್ಮೆ ಅಂತೀಯೇನೇ?"

ಗಣಾನಿಗೆ ಅರ್ಥ ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅದನ್ನು ಗುಡ್ಡದ ಮೇಲಿದ್ದ ಎಮೇಗೂ ಹೇಳಿದ. ಗಾಳಿಯ ಆಚೆಯಿಂದ ಅವಳ ನಗು ಕೇಳಿಸಿತು. ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂದು ಅವಳು ಕೇಳಿದಳು.

ಎಲ್ಲ ಫೋನುಗಳೂ ಹಾಗಿರಲಿಲ್ಲ. ಅಣ್ಣ ತಮ್ಮಂದಿರು ಬಹಳ ಸಲ ಜಗಳವಾಡುತ್ತಿದ್ದರು. ಮೇಕೆಯ ನಯವಾದ ಉಣ್ಣೆಗೆ ಬೆಲೆ ಬಂದಿತ್ತು, ಹಾಗಾಗಿ ತುಮುರ್ ಮೇಕೆಗಳನ್ನೇ ಹೆಚ್ಚಿಸುತ್ತಿದ್ದ. ಮೇಕೆ ಹುಲ್ಲನ್ನು ಬೇರು ಸಮೇತ ಕಿತ್ತು ತಿನ್ನುತ್ತದೆ, ಮುಂದಿನ ವರ್ಷ ಅಲ್ಲಿ ಮಣ್ಣು ಮಾತ್ರ ಉಳಿಯುತ್ತದೆ ಎಂದು ಗಣಾ ರೇಗುತ್ತಿದ್ದ. "ಅಷ್ಟು ಕಾಳಜಿ ಇದ್ರೆ ಬಂದು ನೀನೇ ಮೇಯಿಸು," ಅನ್ನುತ್ತಿದ್ದ ತುಮುರ್. ಆಗ ಗಣಾ, ಫೋನು ಏಜ್‌ಗೆ ಕೊಡು ಅನ್ನುತ್ತಿದ್ದ. ತುಮುರನ ಹೆಂಡತಿ ಮಗಳನ್ನು ಶಾಲೆಗೆ ಸೇರಿಸಲು ದೂರದ ಪೇಟೆಗೆ ಹೋಗಿ ಕೂತಿದ್ದಳು. ರಜೆಯಲ್ಲಿ ಮಾತ್ರ ಬರುತ್ತಿದ್ದಳು, ಆಮೇಲೆ ರಜೆಯಲ್ಲೂ ಬರುವುದನ್ನು ಕಡಿಮೆ ಮಾಡಿದಳು. ಸುತ್ತಲಿನ ಬೀಡುಗಳಲ್ಲೆಲ್ಲ ಅದೇ ಕಥೆಯಂತೆ. ಹೆಣ್ಣುಮಕ್ಕಳು ಓದಿ ನಗರ ಸೇರುತ್ತಾರೆ, ಕುರಿ ಕಾಯುವ ಹುಡುಗರು ಮದುವೆಯಿಲ್ಲದೆ ಉಳಿಯುತ್ತಾರೆ. ಗಣಾ ಇದನ್ನು ಹೇಳಿದಾಗ ಅಜ್ಜಿಗೆ ಆಶ್ಚರ್ಯವೇ ಆಗಲಿಲ್ಲ.

"ನಮ್ಮ ಕಡೇನೂ ಹಾಗೇ ಆಗಿದೆ ಕಣಪ್ಪ. ಹೊಲ ಉಳೋ ಹುಡುಗನಿಗೆ ಯಾರು ಹೆಣ್ಣು ಕೊಡ್ತಾರೆ?"

ನನಗೆ ಹನ್ನೊಂದು ತುಂಬಿದ ವರ್ಷ ಗಣಾನ ಊರಿನಲ್ಲಿ ಮಳೆ ಸರಿಯಾಗಿ ಬರಲಿಲ್ಲ. ಪ್ರಾಣಿಗಳು ಮೈ ಕಟ್ಟದೆಯೇ ಚಳಿಗಾಲಕ್ಕೆ ಕಾಲಿಟ್ಟವು. ಹಿಮ ಬೇಗ ಬಿತ್ತು. ನಡುವೆ ಎರಡು ದಿನ ಬಿಸಿಲು ಬಂದು ಹಿಮದ ಮೇಲ್ಭಾಗ ಕರಗಿತು, ಮರುದಿನದ ಚಳಿಗೆ ಅದೇ ನೀರು ಗಾಜಿನಂತೆ ಹೆಪ್ಪುಗಟ್ಟಿತು. ಹುಲ್ಲು ಕೆಳಗಿದೆ, ಕಣ್ಣಿಗೂ ಕಾಣುತ್ತದೆ, ಬಾಯಿಗೆ ಸಿಗುವುದಿಲ್ಲ. ಹಾಗೆ ದನಕರುಗಳನ್ನು ಕೊಲ್ಲುವ ಚಳಿಗಾಲಕ್ಕೆ ಅವರಲ್ಲಿ ಜುಡ್ ಎಂದು ಹೆಸರು. ನಮಗಿಲ್ಲಿ ಜನವರಿ ಎಂದರೆ ಕಡುಬೇಸಿಗೆ. ಲಿವರ್‌ಪೂಲಿನಲ್ಲಿ ಟಾರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ಅಜ್ಜಿ ಒದ್ದೆ ಟವೆಲ್ ತಲೆಗೆ ಹಾಕಿಕೊಂಡು ಫ್ಯಾನಿನ ಕೆಳಗೆ ಸೌತೆಕಾಯಿ ಹೆಚ್ಚುತ್ತಿದ್ದಳು. ಆ ಫ್ಯಾನಿನ ಕೆಳಗೇ ಗಣಾ ಬನಿಯನ್ನಿನಲ್ಲಿ ಕೂತು, ಬೆವರು ಒರೆಸಿಕೊಳ್ಳುತ್ತಾ, ತನ್ನ ಪ್ರಾಣಿಗಳು ಚಳಿಗೆ ಸಾಯುವುದನ್ನು ಕೇಳಿಸಿಕೊಳ್ಳುತ್ತಿದ್ದ. ಕುದುರೆಗಳ ಗೊರಸಿನ ಸುತ್ತ ರಕ್ತ ಅಂದ ತುಮುರ್. ಕುರಿಗಳು ಹಸಿವಿಗೆ ಒಂದರ ಉಣ್ಣೆಯನ್ನು ಇನ್ನೊಂದು ತಿನ್ನುತ್ತಿವೆ ಅಂದ. ಎಮೇ ಸೋತ ಕುರಿಗಳನ್ನೆಲ್ಲ ಗೆರ್ ಒಳಗೆ ಎಳೆದುಕೊಂಡು ತಾನು ಬಾಗಿಲ ಹತ್ತಿರ ಮಲಗುತ್ತಿದ್ದಾಳೆ ಅಂದ. ಕೊನೆಗೆ, "ಅಣ್ಣಾ, ನನ್ನ ಕೈಲಿ ಒಬ್ಬನಿಂದ ಆಗಲ್ಲ, ಬಾ," ಅಂದ. ಅದು ನನಗೂ ಸ್ಪಷ್ಟವಾಗಿ ಕೇಳಿಸಿತು.

ಶಾಲೆಗೆ ಬೇಸಿಗೆ ರಜೆ. ಮರುದಿನ ಸೋಫಾದ ಮೇಲೆ ಗಣಾನ ಚೀಲ ಇತ್ತು. ಅಮ್ಮ ಡ್ಯೂಟಿ ಮುಗಿಸಿ ಬಂದವಳು ಶೂ ಬಿಚ್ಚುವ ಮೊದಲೇ ಅದನ್ನು ನೋಡಿದಳು.

"ಈಗ ದೇಶ ಬಿಟ್ರೆ ಅರ್ಜಿ ಏನಾಗುತ್ತೋ ಗೊತ್ತಿಲ್ಲ ಅಂತ ಏಜೆಂಟ್ ಹೇಳಿದ್ದು ಮರೆತ್ಯಾ? ಇಲ್ಲೇ ಕಾಯಂ ಇರೋಕೆ ಪಿಆರ್ ಬರಲಿ. ಆಮೇಲೆ ಹೋಗಿ ಎಷ್ಟು ದಿನ ಬೇಕಾದ್ರೂ ಇರು."

"ಆಮೇಲೆ ಹೋಗಿ ಏನನ್ನ ನೋಡಲಿ, ವಸು?"

"ನೀನು ಹೋದ್ರೆ ಐಸ್ ಕರಗುತ್ತಾ?"

"ಕರಗಲ್ಲ. ಅಲ್ಲಿ ತುಮುರ್ ಒಬ್ಬನೇ ಇದ್ದಾನೆ."

"ಇಲ್ಲಿ ನಾವು ಮೂರು ಜನ ಇದ್ದೀವಿ. ಒಂದು ಸಲ ಒಬ್ಬಳೇ ಮನೆ ಖಾಲಿ ಮಾಡ್ಕೊಂಡು ಬಂದಿದ್ದೀನಿ, ಗಣಾ. ಇನ್ನೊಂದ್ಸಲ ನನ್ನ ಕೈಲಾಗಲ್ಲ."

ಇಂಗ್ಲಿಷ್ ಪೂರ್ತಿ ಅರ್ಥವಾಗದಿದ್ದರೂ ಅಜ್ಜಿಗೆ ಚೀಲ ಅರ್ಥವಾಗಿತ್ತು. ಚಾಕು ಕೆಳಗಿಟ್ಟು, "ಹೋಗಿ ಬರಲಿ ಬಿಡೇ, ವಸು. ಮೂಕಪ್ರಾಣಿಗಳು ಸಾಯ್ತಿವೆ ಅಂತಾನೆ," ಅಂದಳು.

"ಅಮ್ಮಾ, ನೀನು ಸುಮ್ನಿರು. ನಿನಗೆ ಇದೆಲ್ಲ ಗೊತ್ತಾಗಲ್ಲ," ಅಂದಳು ಅಮ್ಮ.

ನಾನು ಬಟ್ಟೆ ಒಗೆಯುವ ಕೋಣೆಯಿಂದ ಇಣುಕಿ ನೋಡುತ್ತಿದ್ದೆ. ಗಣಾ ಹೋಗದಿರಲಿ ಎಂದು ನಾನೂ ಬೇಡಿಕೊಳ್ಳುತ್ತಿದ್ದೆ. ಒಮ್ಮೆ ಮನೆಯಿಂದ ಹೋದ ಗಂಡಸರು ಹಿಂತಿರುಗಿ ಬರುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಅವನು ಚೀಲದಿಂದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು, ಮಡಿಸಿ, ಬೀರುವಿನಲ್ಲಿಟ್ಟ.

ಆ ಚಳಿಗಾಲದ ಉಳಿದ ಭಾಗವನ್ನು ನಾವು ನಮ್ಮ ಬೇಸಿಗೆಯಲ್ಲಿ ಕಳೆದೆವು. ಭಾನುವಾರದ ಫೋನು ನಿಂತಿತು. ಗುಡ್ಡ ಹತ್ತಲು ತುಮುರನಿಗೆ ಕುದುರೆಯಿರಲಿಲ್ಲ. ಗಣಾ ಕೆಲಸಕ್ಕೆ ಹೋಗುತ್ತಿದ್ದ, ಬರುತ್ತಿದ್ದ, ಗ್ಯಾರೇಜಿನಲ್ಲಿ ಏನನ್ನೂ ಬೇಯಿಸುತ್ತಿರಲಿಲ್ಲ. ಒಳಗೆ ಕೂತು ಅಜ್ಜಿಯ ಅನ್ನ ಸಾರು ಉಂಡು ಎದ್ದುಹೋಗುತ್ತಿದ್ದ. ಹಿತ್ತಿಲಿಗೆ ಟೀ ಒಯ್ಯುವುದನ್ನೂ ಬಿಟ್ಟ. ಅದನ್ನು ಮೊದಲು ಗಮನಿಸಿದವಳು ಅಜ್ಜಿ. ಒಂದು ಬೆಳಿಗ್ಗೆ ಅವಳು ಸ್ನಾನ ಮಾಡಿ, ಒದ್ದೆ ಕೂದಲು ಗಂಟುಕಟ್ಟಿಕೊಂಡು, ಬೆಳ್ಳಿಯ ಉದ್ಧರಣೆಯಲ್ಲಿ ಹಾಲು ಹಿಡಿದು ಹಿತ್ತಿಲಿಗೆ ಇಳಿದಳು. ಯಾವ ದಿಕ್ಕು ಮೊದಲು ಎಂದು ತಿಳಿಯದೆ ಸೂರ್ಯನ ಕಡೆ ಎರಡು ಸಲ, ಉಳಿದ ಕಡೆ ಒಂದೊಂದು ಸಲ ಚಿಮುಕಿಸಿದಳು. ಅಮ್ಮ ಅಡುಗೆಮನೆಯ ಕಿಟಕಿಯಿಂದ ಕೇಳಿದಳು:

"ಏನಮ್ಮಾ ಇದು?"

"ಅವನು ಮಾಡಲ್ಲ ಅಂದ್ರೆ ಯಾರಾದ್ರೂ ಮಾಡಬೇಕಲ್ಲ," ಅಂದಳು ಅಜ್ಜಿ.

ವಸಂತದಲ್ಲಿ ತುಮುರ್ ಪೇಟೆಯಿಂದ ಫೋನ್ ಮಾಡಿದ. ಮಂದೆ ಬಹುಪಾಲು ಹೋಗಿತ್ತು. ಹಿಮ ಕರಗಿದ ಮೇಲೆ ಸತ್ತವನ್ನು ಎಳೆದು ರಾಶಿ ಹಾಕುವುದೇ ಕೆಲಸವಾಗಿತ್ತಂತೆ. ಉಳಿದ ಕೆಲವನ್ನು ನೆರೆಯ ಬೀಡಿನವನಿಗೆ ನೋಡಿಕೊಳ್ಳಲು ಕೊಟ್ಟು, ಗೆರ್ ಬಿಚ್ಚಿ, ಬಾಡಿಗೆ ಲಾರಿಯಲ್ಲಿ ಹೇರಿಕೊಂಡು, ಎಮೇಯನ್ನೂ ಕರೆದುಕೊಂಡು ರಾಜಧಾನಿಯ ಅಂಚಿಗೆ ಹೋಗುತ್ತಿದ್ದೇನೆ ಅಂದ. ಅಣ್ಣನನ್ನು ಒಪ್ಪಿಗೆ ಕೇಳಲಿಲ್ಲ. ಗಣಾ ಹೂಂಗುಟ್ಟಿದ, ಅಷ್ಟೆ. ಪಿಆರ್ ಬಂದ ಕೂಡಲೇ ಅವನು ಒಬ್ಬನೇ ಹೋಗಿಬಂದ. ಗುಡ್ಡದ ಇಳಿಜಾರಿನಲ್ಲಿ ಹಲಗೆ ಬೇಲಿಗಳ ನಡುವೆ ಸಾಲುಸಾಲು ಗೆರ್‌ಗಳು, ಎಲ್ಲವೂ ಹೀಗೆಯೇ ಮಂದೆ ಕಳೆದುಕೊಂಡು ಬಂದವರದು. ಪ್ರತಿ ಹೊಗೆಕೊಳವೆಯಿಂದಲೂ ಕಲ್ಲಿದ್ದಲ ಹೊಗೆ. ತುಮುರ್ ಕಟ್ಟಡ ಕೆಲಸಕ್ಕೆ ಸೇರಿದ್ದ, ಹೆಂಡತಿ ಮಗಳು ಈಗ ಅವನ ಜೊತೆಗಿದ್ದರು. ಎಮೇ ಕೆಮ್ಮುತ್ತಾ ಬೇಲಿಯ ಬಳಿ ಕೂತಿರುತ್ತಿದ್ದಳು. ಗಣಾ ತಂದ ಚೀಲ ತೆರೆದಾಗ ಮನೆಯೆಲ್ಲ ಕಲ್ಲಿದ್ದಲು ವಾಸನೆ. ಅಮ್ಮ ಬಟ್ಟೆಗಳನ್ನು ಎರಡು ಸಲ ಒಗೆದಳು.

ಮುಂದಿನದನ್ನೂ ಇಲ್ಲೇ ಹೇಳಿಬಿಡುತ್ತೇನೆ. ತುಮುರ್ ಮತ್ತೆ ಹುಲ್ಲುಗಾವಲಿಗೆ ಹೋಗಲಿಲ್ಲ. ಅವನ ಮಗಳು ಈಗ ಬ್ಯಾಂಕಿನಲ್ಲಿದ್ದಾಳೆ, ಕುದುರೆ ಹತ್ತಲು ಬರುವುದಿಲ್ಲ. ಎಮೇಯ ಕುರಿಗಳನ್ನು ಇಟ್ಟುಕೊಂಡಿದ್ದ ನೆರೆಯವನ ಮಕ್ಕಳಲ್ಲಿ ಒಬ್ಬನು ಮಾತ್ರ ಉಳಿದಿದ್ದಾನಂತೆ, ಮೋಟರ್‌ಬೈಕಿನಲ್ಲಿ ಮಂದೆ ಕಾಯುತ್ತಾನಂತೆ. ಎಮೇ ಬದುಕಿರುವವರೆಗೂ ಪ್ರತಿ ವಸಂತದಲ್ಲಿ, ಮರಿ ಹಾಕುವ ಹೊತ್ತಿಗೆ, ನಗರ ಬಿಟ್ಟು ಅಲ್ಲಿಗೆ ಹೋಗುತ್ತಿದ್ದಳು. ಅಮ್ಮ ಮತ್ತು ಗಣಾ ಈಗ ಸಿಡ್ನಿಯದೇ ದಿ ಪಾಂಡ್ಸ್ ಬಡಾವಣೆಯಲ್ಲಿದ್ದಾರೆ, ನಾನು ಹತ್ತಿರದ ಮಾರ್ಸ್ಡನ್ ಪಾರ್ಕಿನಲ್ಲಿ. ನಡುವೆ ನಾನು ಹೇಳದೆ ಉಳಿಸಿಕೊಂಡ ಒಂದು ಮಧ್ಯಾಹ್ನವಿದೆ.

ಎಮೇಯ ಕೆಮ್ಮು ಜೋರಾದ ವರ್ಷ ಗಣಾ ಅವಳನ್ನು ವಿಸಿಟರ್ ವೀಸಾದಲ್ಲಿ ಸಿಡ್ನಿಗೆ ಕರೆಸಿದ. ಅಲ್ಲಿ ಕಡುಚಳಿ, ಇಲ್ಲಿ ಜನವರಿಯ ಬಿಸಿಲು. ಎಮೇ ಗಿಡ್ಡ ಹೆಂಗಸು, ಕೆನ್ನೆ ಚರ್ಮ ಗಾಳಿಗೆ ಸುಟ್ಟು ಗಟ್ಟಿಯಾಗಿತ್ತು. ಅಜ್ಜಿಯೂ ಅವಳೂ ಒಂದೇ ಒಂದು ಮಾತು ಅರ್ಥವಾಗದೆ ಇಡೀ ದಿನ ಮಾತಾಡುತ್ತಿದ್ದರು. ಮೆಲ್ಬರ್ನಿನಲ್ಲಿ ಚಿಕ್ಕಮ್ಮನ ಮಗುವಿನ ನಾಮಕರಣವಿತ್ತು. ಎಲ್ಲರೂ ಕಾರಿನಲ್ಲೇ ಹೊರಟೆವು. ಅಮ್ಮ ಓಡಿಸುತ್ತಿದ್ದಳು, ಗಣಾ ಪಕ್ಕದಲ್ಲಿ, ಹಿಂದೆ ಇಬ್ಬರು ಅಜ್ಜಿಯರ ನಡುವೆ ನಾನು. ಗೋಲ್ಬರ್ನ್ ದಾಟಿ ಬಹಳ ದೂರ ಬಂದ ಮೇಲೆ, ಒಣಗಿ ಹಳದಿಯಾದ ಬಯಲಿನಲ್ಲಿ ಕುರಿಗಳು ಕಂಡವು. ಎಮೇ ಮುಂದಿನ ಸೀಟನ್ನು ತಟ್ಟಿ ನಿಲ್ಲಿಸು ಅಂದಳು. ಅಮ್ಮ ಅಡ್ಡರಸ್ತೆಗೆ ತಿರುಗಿಸಿ ನಿಲ್ಲಿಸಿದಳು. ಮಂಡಿನೋವಿನ ಅಜ್ಜಿ ಕಾರಿನಲ್ಲೇ ಉಳಿದಳು, ನಾವು ಇಳಿದೆವು. ಎಮೇ ತಂತಿಬೇಲಿಗೆ ಎರಡೂ ಕೈಯಿಟ್ಟು ನಿಂತಳು. ಕುರಿಗಳು ಒಂಟಿ ಮರದ ನೆರಳಿನಲ್ಲಿ ಗುಂಪುಗೂಡಿದ್ದವು. ಅವಳು ಸುತ್ತ ನೋಡಿದಳು, ಬಯಲಿನ ತುದಿಯವರೆಗೂ ನೋಡಿದಳು.

"ಇವುಗಳ ಮನುಷ್ಯರು ಎಲ್ಲಿ?"

"ಇಲ್ಲ, ಏಜ್. ಬೇಲಿ ಇದೆ. ನೀರು ತೊಟ್ಟಿಗೆ ತಾನೇ ಬರುತ್ತೆ," ಅಂದ ಗಣಾ.

"ಒಂದು ಕಾಲು ಮುರ್ಕೊಂಡ್ರೆ? ಸತ್ರೆ?"

"ನಾಳೆಯೋ ನಾಡಿದ್ದೋ ಯಾರಾದ್ರೂ ಬಂದು ನೋಡ್ತಾರೆ."

ಎಮೇ ಮತ್ತೆ ಕುರಿಗಳ ಕಡೆ ತಿರುಗಿದಳು. ಆಮೇಲೆ, ಯಾರನ್ನೂ ದೂಷಿಸದ ಧ್ವನಿಯಲ್ಲಿ, "ನಮ್ಮವು ಸಾಯುವಾಗ ನಾನೂ ತುಮುರನೂ ಪಕ್ಕದಲ್ಲಿದ್ವಿ. ಅಷ್ಟಾದ್ರೂ ಇತ್ತು," ಅಂದಳು.

ಗಣಾನ ಮುಖ ನೋಡಿ ಅಮ್ಮ, ಎಮೇ ಏನಂದರು ಎಂದು ಕೇಳಿದಳು. ಅವನು ಇಂಗ್ಲಿಷಿನಲ್ಲಿ ಹೇಳಿದ. ಅಮ್ಮ ಕಪ್ಪು ಕನ್ನಡಕ ತೆಗೆದಳು. ಅಷ್ಟು ವರ್ಷ ಮನೆಯಲ್ಲಿ ಯಾರೂ ಎತ್ತದ ಮಾತನ್ನು ಅವಳು ಅಲ್ಲಿ, ಲಾರಿಗಳ ಸದ್ದಿನ ನಡುವೆ, ಎತ್ತಿದಳು.

"ಅವರಿಗೆ ಹೇಳು. ನೀನು ಹೊರಟಿದ್ದೆ, ನಾನೇ ಬಿಡ್ಲಿಲ್ಲ ಅಂತ ಹೇಳು. ತಪ್ಪು ನಂದು ಅಂತ ಹೇಳು, ಗಣಾ."

ಗಣಾ ಅಮ್ಮನನ್ನು ನೋಡಿದ, ಆಮೇಲೆ ತನ್ನ ತಾಯಿಯ ಕಡೆ ತಿರುಗಿದ. ಮಂಗೋಲಿಯನ್ನಿನಲ್ಲಿ ನಿಧಾನವಾಗಿ ಹೇಳಿದ:

"ನನಗೆ ಭಯ ಆಗಿತ್ತು, ಏಜ್. ಬಂದ್ರೆ ಅಲ್ಲೇ ಉಳೀಬೇಕಾಗುತ್ತೆ ಅಂತ. ಅದಕ್ಕೇ ಬರಲಿಲ್ಲ."

"ಗೊತ್ತು. ಅವತ್ತೇ ಗೊತ್ತಿತ್ತು," ಅಂದಳು ಎಮೇ.

ಅವಳು ಬೇಲಿ ಬಿಟ್ಟು ಬಂದು ಅಮ್ಮನ ತಲೆಯನ್ನು ಎರಡೂ ಕೈಯಲ್ಲಿ ಬಗ್ಗಿಸಿ ಹಣೆಯನ್ನು ಮೂಸಿದಳು. ಅವರಲ್ಲಿ ಹಿರಿಯರು ಮುತ್ತಿಡುವುದು ಹಾಗೆ. ಅಮ್ಮ ಅತ್ತುಬಿಟ್ಟಳು. ಕ್ಷಮಿಸಿದರು, ಕ್ಷಮಿಸಿದರು ಎಂದು ನನ್ನ ಕಡೆ ನೋಡಿ ಹೇಳಿದಳು. ನಾನು ಹೌದೆಂದು ತಲೆಯಾಡಿಸಿದೆ.

ಮುಂದೆ ಗುಂಡಗೈ ಎಂಬ ಊರಿನಲ್ಲಿ ಪೆಟ್ರೋಲಿಗೆ ನಿಂತಾಗ ಅಮ್ಮ ಅಂಗಡಿಯೊಳಗೆ ಹೋದಳು. ನಾನು ಗಣಾನ ಹತ್ತಿರ ಹೋಗಿ, ಅಮ್ಮ ಹೇಳು ಅಂದದ್ದನ್ನು ಯಾಕೆ ಹೇಳಲಿಲ್ಲ ಎಂದು ಅವನ ಭಾಷೆಯಲ್ಲೇ ಕೇಳಿದೆ. ನನಗೆ ಅರ್ಥವಾಗಿರುತ್ತದೆಂದು ಅವನಿಗೂ ಗೊತ್ತಿತ್ತು. ಅವನು ಪೈಪನ್ನು ತಿರುಗಿ ಸಿಕ್ಕಿಸುತ್ತಾ ಹೇಳಿದ:

"ನಿಮ್ಮಮ್ಮ ಬೇಡ ಅಂದಳು, ನಿಜ. ಅವಳು ಬೇಡ ಅಂದಾಗ ನನಗೆ ಒಳಗೊಳಗೇ ಹಾಯ್ ಅನ್ನಿಸ್ತು. ಅದು ಅವಳಿಗೆ ಗೊತ್ತಿಲ್ಲ."

ಅಮ್ಮ ಇಬ್ಬರು ಅಜ್ಜಿಯರಿಗೂ ಐಸ್‌ಕ್ರೀಮ್ ಹಿಡಿದುಕೊಂಡು ಬರುತ್ತಿದ್ದಳು. ಅವಳ ನಡಿಗೆಯೇ ಹಗುರವಾಗಿತ್ತು, ಬಹಳ ವರ್ಷಗಳಲ್ಲಿ ಅವಳನ್ನು ನಾನು ಹಾಗೆ ನೋಡಿರಲಿಲ್ಲ. ಗಣಾ ಅವಳಿಗಾಗಿ ಕಾರಿನ ಬಾಗಿಲು ತೆರೆದು ಹಿಡಿದ. ನಾನು ಒಳಗೆ ಹತ್ತಿ ಇಬ್ಬರು ಅಜ್ಜಿಯರ ನಡುವೆ ಕೂತೆ.